ಆ ಕಾಲದ ಅಳತೆಗೋಲು ಯಾರ ಕೈಯಲ್ಲಿತ್ತು?

ಮಾನ್ಯರೇ,

ಅಮೆರಿಕದ ಗುಲಾಮಗಿರಿ ಮತ್ತು ಅಲ್ಲಿನ ಚರ್ಚುಗಳ ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಆಕ್ಷೇಪಿಸಿ ತಾವು ಧಾರವಾಡದಿಂದ ಬರೆದ ದೀರ್ಘ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿಯಾಗಿ ಅಚ್ಚು ಹಾಕಲಾಗದ ಕಾರಣ ಉಳಿದ ಓದುಗರಿಗಾಗಿ ಅದರ ಸಾರವನ್ನು ಇಲ್ಲಿ ಕೊಡುತ್ತೇನೆ. ಬೈಬಲ್ ಹೇಳುವ ದಾಸ್ಯ ಸಾಲ ತೀರಿಸಲು ಮಾಡುವ ಆರು ವರ್ಷದ ಚಾಕರಿಯೇ ಹೊರತು ಹತ್ತಿ ತೋಟಗಳ ಕ್ರೌರ್ಯವಲ್ಲ ಎಂಬುದು ತಮ್ಮ ಮೊದಲ ವಾದ. ಸಾವಿರಾರು ವರ್ಷ ಹಿಂದಿನ ಗ್ರಂಥವನ್ನು, ಅದು ಯಾವ ಧರ್ಮದ್ದೇ ಆಗಿರಲಿ, ಇಂದಿನ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ ಎಂಬುದು ಎರಡನೆಯದು. ಇಂಥ ವಾಕ್ಯಗಳನ್ನು ಎತ್ತಿ ಆಡುವುದರಿಂದ ಭಕ್ತರ ಮನಸ್ಸು ನೋಯುತ್ತದೆ, ಎಳೆಯರ ಕೈಗೆ ಕೊಡುವ ಆವೃತ್ತಿಗಳಲ್ಲಾದರೂ ಅವನ್ನು ಕೈಬಿಡುವುದು ಲೇಸು ಎಂದು ಕೊನೆಯಲ್ಲಿ ಸಲಹೆ ಕೊಟ್ಟಿದ್ದೀರಿ.

ಮೊದಲ ವಾದದಲ್ಲಿ ಅರ್ಧ ಸತ್ಯವಿದೆ. ಬೈಬಲ್ಲಿನ ವಿಮೋಚನಕಾಂಡದ 21ನೆಯ ಅಧ್ಯಾಯದ ಪ್ರಕಾರ ಇಬ್ರಿಯ, ಎಂದರೆ ಇಸ್ರಾಯೇಲ್ಯ, ದಾಸನು ಆರು ವರ್ಷ ದುಡಿದು ಏಳನೆಯ ವರ್ಷ ಬಿಡುಗಡೆ ಹೊಂದುತ್ತಾನೆ. ಆದರೆ ಒಡೆಯನೇ ಅವನಿಗೆ ಹೆಣ್ಣು ಕೊಟ್ಟು ಮದುವೆ ಮಾಡಿಸಿದ್ದರೆ ಹೆಂಡತಿ ಮಕ್ಕಳು ಒಡೆಯನಿಗೇ ಸೇರುತ್ತಾರೆ, ಅವನು ಒಬ್ಬನೇ ಹೊರಟುಹೋಗಬೇಕು. ಅವರನ್ನು ಬಿಟ್ಟು ಹೋಗಲಾರೆ ಎಂದರೆ ಬಾಗಿಲ ಬಳಿ ನಿಲ್ಲಿಸಿ ದಬ್ಬಳದಿಂದ ಅವನ ಕಿವಿ ಚುಚ್ಚಬೇಕು, ಅಲ್ಲಿಗೆ ಅವನು ಜೀವಮಾನವಿಡೀ ದಾಸ. ಒಡೆಯ ಕೋಲಿನಿಂದ ಹೊಡೆದಾಗ ದಾಸನು ಅಲ್ಲೇ ಸತ್ತರೆ ಶಿಕ್ಷೆಯುಂಟು, ಒಂದೆರಡು ದಿನ ಜೀವ ಹಿಡಿದುಕೊಂಡರೆ ಶಿಕ್ಷೆಯಿಲ್ಲ, ಏಕೆಂದರೆ ಅವನು ಒಡೆಯನ ಸೊತ್ತು ಎಂದು ಅದೇ ಅಧ್ಯಾಯ ಹೇಳುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯವಂತೂ ಸುತ್ತಲಿನ ಜನಾಂಗಗಳಿಂದ ಗಂಡು ಹೆಣ್ಣು ದಾಸರನ್ನು ಕೊಂಡುಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದೆಂದು ಸ್ಪಷ್ಟವಾಗಿ ಅನುಮತಿ ಕೊಡುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ಮನುಷ್ಯನನ್ನು ಸಾಲದ ಚಾಕರ ಎನ್ನಲಾಗದು. ಇವೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವುದು, ಹೊಡೆತದ ಮಾತಿಗಿಂತಲೂ, ಆ ದಬ್ಬಳದ ಮಾತು. ಹೆಂಡತಿ ಮಕ್ಕಳ ಮೇಲಿನ ಮಮತೆಯನ್ನೇ ಸಂಕೋಲೆ ಮಾಡಬಹುದೆಂದು ತಿಳಿದವರು ಆ ನಿಯಮವನ್ನು ಬರೆದಿದ್ದಾರೆ.

ಅದೇ ಗ್ರಂಥದಲ್ಲಿ ಇದಕ್ಕೆ ಎದುರಾದ ಮಾತುಗಳೂ ಇವೆ. ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ ಎಂದು ವಿಮೋಚನಕಾಂಡವೇ ವಿಧಿಸುತ್ತದೆ, ತಪ್ಪಿಸಿಕೊಂಡು ನಿನ್ನಲ್ಲಿಗೆ ಬಂದ ದಾಸನನ್ನು ಒಡೆಯನಿಗೆ ಒಪ್ಪಿಸಬೇಡ ಎಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಬೈಬಲ್ ತಮ್ಮ ಪರವಾಗಿದೆ ಎನ್ನುತ್ತಿದ್ದ ಅಮೆರಿಕದ ಗುಲಾಮರ ಒಡೆಯರು 1850ರಲ್ಲಿ ಇದಕ್ಕೆ ನೇರ ವಿರುದ್ಧವಾದ ಕಾನೂನು ತಂದು, ಓಡಿಬಂದವರಿಗೆ ಆಸರೆ ಕೊಟ್ಟವರಿಗೆ ಸಾವಿರ ಡಾಲರ್‌ವರೆಗೆ ದಂಡ ಮತ್ತು ಆರು ತಿಂಗಳವರೆಗೆ ಸೆರೆವಾಸ ಗೊತ್ತುಮಾಡಿದರು. ಹೀಗಿದ್ದರೂ, ವಾಕ್ಯಕ್ಕೆ ವಾಕ್ಯವನ್ನು ಎದುರಿಟ್ಟು ನಡೆದ ವಾಗ್ವಾದಗಳಲ್ಲಿ ಅವರಿಗೆ ಆಧಾರಗಳ ಕೊರತೆ ಇರಲಿಲ್ಲ ಎಂಬುದನ್ನು ಒಪ್ಪಬೇಕು. ಮನುಷ್ಯನನ್ನು ಒಡೆತನಕ್ಕೆ ಇಟ್ಟುಕೊಳ್ಳಬೇಡ ಎಂಬ ನೇರ ಆಜ್ಞೆ ಎಲ್ಲಿದೆ ತೋರಿಸಿ ಎಂದು ಅವರು ಕೇಳಿದಾಗ ವಿರೋಧಿಗಳ ಬಳಿ ತೋರಿಸಲು ಅಂಥ ವಾಕ್ಯವಿರಲಿಲ್ಲ. ಗುಲಾಮರ ಒಡೆಯರನ್ನು ಮಿಷನರಿಗಳಾಗಿ ನೇಮಿಸಬಹುದೇ ಎಂಬ ಪ್ರಶ್ನೆಯ ಮೇಲೆಯೇ 1845ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು ಉತ್ತರದವರಿಂದ ಬೇರೆಯಾದರು. ಆ ಸಭೆ ಅದಕ್ಕಾಗಿ ಕ್ಷಮೆ ಕೇಳುವ ಠರಾವು ಮಾಡಿದ್ದು 1995ರಲ್ಲಿ.

ತಮ್ಮ ಎರಡನೆಯ ವಾದ ನಮ್ಮ ನಾಡಿನಲ್ಲಿ ತುಂಬ ಕೇಳಿಬರುವಂಥದ್ದು, ಆದ್ದರಿಂದ ಅದಕ್ಕೆ ವಿವರವಾಗಿ ಉತ್ತರಿಸಬೇಕು. ಅಂದಿನವರು ಇದನ್ನು ತಪ್ಪೆಂದು ತಿಳಿದಿರಲಿಲ್ಲ ಎನ್ನುವಾಗ ನಾವು ಅಂದಿನವರು ಎಂದು ಯಾರನ್ನು ಎಣಿಸುತ್ತಿದ್ದೇವೆ? ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿಯ ನೆಲದಲ್ಲಿದ್ದ ನಿಸ್ಸದ ಗ್ರೆಗರಿ ಎಂಬ ಬಿಷಪ್, ದೇವರ ಪ್ರತಿರೂಪವಾದ ಮನುಷ್ಯನಿಗೆ ಎಷ್ಟು ಬೆಲೆ ಕಟ್ಟುತ್ತೀರಿ, ಅವನನ್ನು ಮಾರುವ ಹಕ್ಕು ಯಾರಿಗಿದೆ ಎಂದು ತನ್ನ ಪ್ರವಚನದಲ್ಲಿ ಕೇಳಿದ್ದ. 1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನಿನಲ್ಲಿ ನಾಲ್ವರು, ಇತರರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ನೀವೂ ಮಾಡಿರಿ ಎಂಬ ಉಪದೇಶವನ್ನೇ ಮುಂದಿಟ್ಟು ಲಿಖಿತ ಪ್ರತಿಭಟನೆ ಸಲ್ಲಿಸಿದರು. ಅವರ ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಂಧುಗಳು ಆ ಪತ್ರವನ್ನು ಬದಿಗಿಟ್ಟರು, ಗುಲಾಮರನ್ನು ಇಟ್ಟುಕೊಂಡವರಿಗೆ ಫಿಲಡೆಲ್ಫಿಯದ ಕ್ವೇಕರ್ ಸಭೆಯಲ್ಲಿ ಸದಸ್ಯತ್ವ ನಿಷಿದ್ಧವಾಗಲು 1776ರವರೆಗೆ ಕಾಯಬೇಕಾಯಿತು.

ಇವರು ಬೆರಳೆಣಿಕೆಯವರು ಎಂದು ತಾವು ಹೇಳಬಹುದು. ಆದರೆ ಮಾರಾಟವಾದವರನ್ನೂ ಅಂದಿನವರೆಂದೇ ಎಣಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಮೆರಿಕದ ಧರ್ಮಚಿಂತಕ ಹೊವಾರ್ಡ್ ಥರ್ಮನ್, ಮುಂದೆ 1936ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರನ್ನು ಕಂಡವರು, ಬಾಲಕನಾಗಿದ್ದಾಗ ಅಜ್ಜಿಗೆ ಬೈಬಲ್ ಓದಿ ಹೇಳುತ್ತಿದ್ದರು. ಅಜ್ಜಿ ಗುಲಾಮಳಾಗಿ ಹುಟ್ಟಿದವಳು, ಅಕ್ಷರ ಬಾರದವಳು. ಕೀರ್ತನೆಗಳನ್ನೂ ಯೇಸುವಿನ ಕಥೆಯನ್ನೂ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದ ಆಕೆ ಬೈಬಲ್ಲಿನಲ್ಲಿರುವ ಆದಿ ಕ್ರೈಸ್ತ ಬೋಧಕ ಪೌಲನ ಪತ್ರಗಳನ್ನು ಮಾತ್ರ, ಪ್ರೀತಿಯ ಕುರಿತ ಒಂದು ಅಧ್ಯಾಯದ ಹೊರತು, ಓದಗೊಡುತ್ತಿರಲಿಲ್ಲ. ದೊಡ್ಡವರಾದ ಮೇಲೆ ಕಾರಣ ಕೇಳಿದಾಗ ಆಕೆ ಹೇಳಿದ್ದು ಇಷ್ಟು: ಒಡೆಯನ ಪಾದ್ರಿ ಪದೇ ಪದೇ, ದಾಸರೇ ನಿಮ್ಮ ಒಡೆಯರಿಗೆ ವಿಧೇಯರಾಗಿರಿ ಎಂಬ ಪೌಲನ ವಾಕ್ಯವನ್ನೇ ಬೋಧಿಸುತ್ತಿದ್ದ, ಎಂದಾದರೂ ಬಿಡುಗಡೆಯಾಗಿ ಓದು ಕಲಿತರೆ ಆ ಭಾಗವನ್ನು ಓದುವುದಿಲ್ಲವೆಂದು ಆಕೆ ದೇವರಿಗೆ ಮಾತು ಕೊಟ್ಟಿದ್ದಳು. ಆಕೆಗೆ ಇಪ್ಪತ್ತೊಂದನೆಯ ಶತಮಾನದ ಅಳತೆಗೋಲು ಬೇಕಾಗಿರಲಿಲ್ಲ. ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ದಾಸರಾಗಿ ಇಟ್ಟಿಗೆ ಹೊತ್ತ ಇಸ್ರಾಯೇಲ್ಯರ ಮೊರೆಯನ್ನು ದೇವರು ಕೇಳಿದನೆಂದು ನಂಬಿದ್ದ ಲಕ್ಷಾಂತರ ಗುಲಾಮರಿಗೂ ಬೇಕಾಗಿರಲಿಲ್ಲ. ಕಾಲಧರ್ಮ ಎಂಬ ಸಮಾಧಾನದಲ್ಲಿ ಒಡೆಯರ ಅಭಿಪ್ರಾಯವೊಂದೇ ಆ ಕಾಲದ ಅಭಿಪ್ರಾಯವಾಗಿಬಿಡುತ್ತದೆ, ಕೂಲಿಯಿಲ್ಲದೆ ದುಡಿದವರು ತಮ್ಮ ಕಾಲದಿಂದಲೇ ಹೊರಗೆ ಬೀಳುತ್ತಾರೆ. ಇದನ್ನು ನಾನು ಒಪ್ಪಲಾರೆ.

ಯಾವ ಧರ್ಮದ್ದೇ ಆಗಿರಲಿ ಎಂದು ತಾವೇ ಬರೆದಿರುವುದರಿಂದ ನಮ್ಮ ಮನೆಯ ಮಾತನ್ನೂ ಆಡಬೇಕು. ಮನುಸ್ಮೃತಿಯ 8ನೆಯ ಅಧ್ಯಾಯ ಏಳು ಬಗೆಯ ದಾಸರನ್ನು ಪಟ್ಟಿ ಮಾಡುವುದರ ಜೊತೆಗೆ, ಶೂದ್ರನನ್ನು ಒಡೆಯನೇ ಬಿಟ್ಟುಕೊಟ್ಟರೂ ಅವನಿಗೆ ದಾಸ್ಯದಿಂದ ಬಿಡುಗಡೆಯಿಲ್ಲ, ಅದು ಅವನ ಹುಟ್ಟುಗುಣ ಎನ್ನುತ್ತದೆ. ಕುರ್‌ಆನ್ ದಾಸರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಹೊಗಳುತ್ತದೆ, ಆದರೆ ದಾಸ್ಯವನ್ನು ನಿಷೇಧಿಸುವುದಿಲ್ಲ; ಸೌದಿ ಅರೇಬಿಯ ಅದನ್ನು ರದ್ದು ಮಾಡಿದ್ದು 1962ರಲ್ಲಿ. 1452ರಲ್ಲಿ ಪೋಪ್ ಐದನೆಯ ನಿಕೊಲಸ್, ಅನ್ಯಮತೀಯರನ್ನು ಶಾಶ್ವತ ದಾಸ್ಯಕ್ಕೆ ಒಳಪಡಿಸಲು ಪೋರ್ಚುಗಲ್ಲಿನ ದೊರೆಗೆ ಅಪ್ಪಣೆ ಕೊಟ್ಟ. ಅದರ ಪರಿಣಾಮ ಕಾಣಲು ತಾವು ಧಾರವಾಡದಿಂದ ಬಹುದೂರ ಹೋಗಬೇಕಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಗಳಲ್ಲಿ ಅನೇಕರ ಪೂರ್ವಿಕರು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಇಂದು ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಇನ್ನು ಜೀತ ಕಾನೂನಿನ ಕಣ್ಣಿನಲ್ಲಿ ಅಪರಾಧವಾದದ್ದು 1976ರ ಕಾಯಿದೆಯಿಂದ, ಎಂದರೆ ನಮ್ಮಲ್ಲಿ ಅನೇಕರ ಜೀವಿತಕಾಲದಲ್ಲಿ. ಜೀತಕ್ಕೆ ಇದ್ದ ಮಗನನ್ನು ಬಿಡಿಸಿಕೊಳ್ಳಲಾಗದ ತಂದೆತಾಯಿಗೆ ಅದು ಅನ್ಯಾಯವೆಂದು ಯಾವ ಗ್ರಂಥವೂ ಹೇಳಿಕೊಡಬೇಕಾಗಿರಲಿಲ್ಲ.

ಕಡೆಯದಾಗಿ ತಮ್ಮ ಸಲಹೆ. ಅದನ್ನು ಹಿಂದೆಯೇ ಒಮ್ಮೆ ಜಾರಿಗೆ ತಂದಿದ್ದಾರೆ. ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿಯೇ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಯ ಸುಮಾರು ಶೇಕಡ 90 ಭಾಗವನ್ನೂ ಹೊಸ ಒಡಂಬಡಿಕೆಯ ಅರ್ಧದಷ್ಟನ್ನೂ ತೆಗೆದುಹಾಕಲಾಗಿತ್ತು. ಗುಲಾಮನಾಗಿ ಮಾರಾಟವಾದ ಯೋಸೇಫನ ಕಥೆಯನ್ನು ಉಳಿಸಿಕೊಂಡು, ಐಗುಪ್ತದಿಂದ ಜನರು ಬಿಡುಗಡೆಯಾಗಿ ಹೊರಟ ಕಥೆಯನ್ನು ಬಿಟ್ಟಿದ್ದರು. ದಾಸರು ವಿಧೇಯರಾಗಿರಬೇಕೆಂಬ ವಾಕ್ಯ ಉಳಿದಿತ್ತು, ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ವಾಕ್ಯ ಉಳಿದಿರಲಿಲ್ಲ. ತಮ್ಮ ಉದ್ದೇಶ ಅವರದಲ್ಲ ಎಂಬುದು ನನಗೆ ತಿಳಿದಿದೆ. ತಾವು ಬಿಡಬೇಕೆನ್ನುವುದು ಬೇರೆ ವಾಕ್ಯಗಳನ್ನು. ಆದರೆ ಯಾವುದನ್ನು ಬಿಡಬೇಕೆಂದು ಆರಿಸುವ ಅಧಿಕಾರ ಒಮ್ಮೆ ಒಬ್ಬರ ಕೈಗೆ ಬಂದರೆ ಓದುಗನಿಗೆ ತನ್ನ ಗ್ರಂಥದಲ್ಲಿ ಏನಿದೆ ಎಂಬುದೇ ತಿಳಿಯದೆ ಹೋಗುತ್ತದೆ. ತೀರ ಎಳೆಯ ಮಕ್ಕಳ ಕಥಾಪುಸ್ತಕದಲ್ಲಿ ಎಲ್ಲವೂ ಇರಬೇಕೆಂದು ನಾನು ಹೇಳುವುದಿಲ್ಲ. ಹೈಸ್ಕೂಲು ಓದುವ ವಯಸ್ಸಿನವರಿಗೆ ಕೊಡುವ ಪುಸ್ತಕದಲ್ಲಿ ಮಾತ್ರ ವಿಮೋಚನಕಾಂಡದ, ಸಮುದ್ರ ದಾಟಿ ಬಿಡುಗಡೆಯಾದ 14ನೆಯ ಅಧ್ಯಾಯವೂ ಕಿವಿ ಚುಚ್ಚುವ 21ನೆಯ ಅಧ್ಯಾಯವೂ ಇರಬೇಕು, ಎರಡನೆಯದು ತಪ್ಪೆಂದು ಕಲಿಸುವವರು ಬಾಯಿಬಿಟ್ಟು ಹೇಳಬೇಕು. ಮನುಸ್ಮೃತಿಯ 8ನೆಯ ಅಧ್ಯಾಯಕ್ಕೂ ನನ್ನ ಉತ್ತರ ಇದೇ.

ಸಂಪಾದಕ