ಬಸುರಿ, ಐದನೇ ತಿಂಗಳು, ಹೆಚ್‌ಬಿ (ರಕ್ತದಲ್ಲಿನ ಹಿಮೋಗ್ಲೋಬಿನ್) 9.2 ಇದೆ, ಕಬ್ಬಿಣದ ಮಾತ್ರೆ ತಗೊಂಡ್ರೆ ವಾಂತಿ, ಮಾತ್ರೆ ಬಿಟ್ಟು ಬರೀ ಬೀಟ್‌ರೂಟ್, ದಾಳಿಂಬೆ ತಿಂದ್ರೆ ರಕ್ತ ಆಗುತ್ತಾ?

9.2 ಅಂತ ಓದಿದ ತಕ್ಷಣ ಬಸುರಿ ಚೆಕಪ್ ಬರೆಯೋ ನನ್ನ 'ತಾಯಿ ಕಾರ್ಡೇ' ಕಣ್ಮುಂದೆ ಬಂತು. 2019ರಲ್ಲಿ ನಂಗೆ ಐದನೇ ತಿಂಗಳಲ್ಲಿ 9.8 ಇತ್ತು, ಏಳರಲ್ಲಿ ನೋಡಿದ್ರೆ 8.1. ದಿನಾ ತಪ್ಪದೆ ಮಾತ್ರೆ ನುಂಗಿದವಳು ನಾನು.

ನಮ್ಮದು ತಿಪಟೂರು ಹತ್ರ ಹಳ್ಳಿ. ರಕ್ತ ಕಮ್ಮಿ ಅಂತ ಗೊತ್ತಾಗಿದ್ದೇ ತಡ, ಅತ್ತೆ ದಿನ ಬಿಟ್ಟು ದಿನ ಬೀಟ್‌ರೂಟ್ ಪಲ್ಯ, ನಮ್ಮನೆಯವ್ರು ಸಂತೆಯಿಂದ ದಾಳಿಂಬೆ, ಅಮ್ಮ ಫೋನ್ ಮಾಡಿದಾಗೆಲ್ಲ ಖರ್ಜೂರ ತಿಂದ್ಯಾ ಅಂತ. ಎಲ್ಲಾ ತಿಂದೆ. ರಾತ್ರಿ ಊಟ ಆದ್ಮೇಲೆ ಅತ್ತೆ ದೊಡ್ಡ ಸ್ಟೀಲ್ ಲೋಟದ ತುಂಬ ಕೇಸರಿ ಹಾಲು ತಂದುಕೊಡೋರು, ಮೇಲೆ ಹಳದಿ ಕೆನೆ ಕಟ್ಟಿರ್ತಿತ್ತು. ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟಿದ್ದ ಕೆಂಪು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎರಡನ್ನೂ ಅಂಗೈಲಿಟ್ಕೊಂಡು ಆ ಹಾಲಲ್ಲೇ ನುಂಗ್ತಿದ್ದೆ. ನೀರಲ್ಲಿ ನುಂಗಿದ್ರೆ ಆ ಕಬ್ಬಿಣದ ವಾಸನೆ ಗಂಟಲಲ್ಲೇ ನಿಂತು ವಾಕರಿಕೆ ಬರೋದು, ಹಾಲಲ್ಲಾದ್ರೆ ಗೊತ್ತೇ ಆಗ್ತಿರ್ಲಿಲ್ಲ, ಎರಡೂ ಒಟ್ಟಿಗೆ ತಗೊಂಡ್ರೆ ಮರೆಯೋದೂ ಇಲ್ಲ ಅಂತ ಎರಡು ತಿಂಗಳು ಹಾಗೇ ಮಾಡ್ದೆ.

ಏಳನೇ ತಿಂಗಳ ಚೆಕಪ್‌ನಲ್ಲಿ ಸಿಸ್ಟರ್ ಕಾರ್ಡ್ ನೋಡಿ "ಮಾತ್ರೆ ತಗೋತಿದ್ಯೇನಮ್ಮ, ನಿಜ ಹೇಳು" ಅಂದ್ರು. ಬ್ಯಾಗಿಂದ ಖಾಲಿ ಸ್ಟ್ರಿಪ್ ತೆಗೆದು ತೋರಿಸ್ದೆ. "ಯಾತರಲ್ಲಿ ನುಂಗ್ತೀಯಾ?" ಹಾಲಲ್ಲಿ ಅಂದೆ. ಪೆನ್ನು ಕೆಳಗಿಟ್ಟು ನನ್ನ ಮುಖಾನೇ ನೋಡಿದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಿರ್ಲಿಲ್ಲ. ಆ ಕೆಂಪು ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತೆ, ಕ್ಯಾಲ್ಸಿಯಂ ಮಾತ್ರೇಲಿ 500 ಮಿಲಿಗ್ರಾಂ, ಹಾಲಲ್ಲಿ ಇನ್ನಷ್ಟು ಕ್ಯಾಲ್ಸಿಯಂ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದ್ರೆ ಕಬ್ಬಿಣ ರಕ್ತಕ್ಕೆ ಸೇರೋಕೆ ಕ್ಯಾಲ್ಸಿಯಂ ಅಡ್ಡ ಬರುತ್ತೆ, ಸೇರೋದು ಕಮ್ಮಿ ಆಗುತ್ತೆ. ಕಾಫಿ, ಟೀ ಕೂಡ ಹಂಗೇ ಅಡ್ಡ ಬರುತ್ತೆ. ರಾಗಿ ಮಾಲ್ಟೂ ಆ ಹೊತ್ತಿಗೆ ಬೇಡ, ರಾಗೀಲೂ ಕ್ಯಾಲ್ಸಿಯಂ ತುಂಬಾ ಇದೆ. ಹಾಲೂ ಬೇಕು, ರಾಗೀನೂ ಬೇಕು, ಕ್ಯಾಲ್ಸಿಯಂ ಮಾತ್ರೆನೂ ಬೇಕು, ಆದ್ರೆ ಕಬ್ಬಿಣದ ಮಾತ್ರೆಗೂ ಇವಕ್ಕೂ ಎರಡು ಗಂಟೆ ಅಂತರ ಇರ್ಲೇಬೇಕು.

ಆಮೇಲೆ ನಂಗೆ ಕಬ್ಬಿಣದ ಡ್ರಿಪ್ ಹಾಕಿದ್ರು, ದಿನ ಬಿಟ್ಟು ದಿನ ಐದು ಸಲ, ಪ್ರತಿ ಸಲ ಬಸ್ಸಲ್ಲಿ ತಾಲೂಕು ಆಸ್ಪತ್ರೆಗೆ. ಮಗಳು ಹುಟ್ಟಿದಾಗ 2.3 ಕೆಜಿ, ತೂಕ ಕಮ್ಮಿ. ರಕ್ತ ಕಮ್ಮಿ ಆಗಿದ್ದಕ್ಕೇ ಹಂಗಾಯ್ತು ಅಂತ ಡಾಕ್ಟ್ರು ಹೇಳ್ಲಿಲ್ಲ, ಆದ್ರೆ ಅವಳನ್ನ ಎತ್ಕೊಂಡಾಗೆಲ್ಲ ಆ ಹಾಲಿನ ಲೋಟ ನೆನಪಾಗ್ತಿತ್ತು.

ಇನ್ನು ನಿಮ್ಮ ಪ್ರಶ್ನೆ. ಮಾತ್ರೆ ತಗೊಂಡ್ರೆ ವಾಂತಿ, ಅದಕ್ಕೆ ಊಟದಲ್ಲೇ ಸರಿಮಾಡ್ಕೋತೀನಿ ಅಂತೀರಿ. ಆಗಲ್ಲ. ಬಸುರಿಗೆ 11 ಇರ್ಬೇಕು, 9.2ರಿಂದ ಅಲ್ಲಿಗೆ ಬರೀ ಊಟದಲ್ಲಿ ಏರ್ಸೋಕೆ ನಿಮ್ಮತ್ರ ಟೈಮಿಲ್ಲ, ಮಗುಗೂ ಆ ಕಬ್ಬಿಣ ಬೇಕು. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗಲ್ಲ, 100 ಗ್ರಾಂ ಬೀಟ್‌ರೂಟಲ್ಲಿ 1 ಮಿಲಿಗ್ರಾಂ ಕಬ್ಬಿಣ ಕೂಡ ಇರಲ್ಲ, ದಾಳಿಂಬೇಲಿ ಅದಕ್ಕಿಂತ ಕಮ್ಮಿ. ರುಚಿಗೆ ತಿನ್ನಿ, ಅದಕ್ಕೆ ಅಂತ ದುಡ್ಡು ಸುರಿಬೇಡಿ. ಮೊಳಕೆ ಹುರುಳಿಕಾಳು ಸಾರು, ಸೊಪ್ಪಿನ ಬಸ್ಸಾರು ಮಾಡಿ, ಬಡಿಸ್ಕೊಂಡ್ಮೇಲೆ ನಿಂಬೆಹಣ್ಣು ಹಿಂಡಿ, ನಿಂಬೆ ನೆಲ್ಲಿಕಾಯಿ ಜೊತೆಗಿದ್ರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ತಿನ್ನೋರಾದ್ರೆ ಮಾಂಸ, ಮೀನು. ನಾನು ಅಂಗನವಾಡೀಲಿ ಬಸುರಿ ಬಾಣಂತಿಯರಿಗೆ ಕೊಡೋ ಮಾತೃಪೂರ್ಣ ಊಟಕ್ಕೆ ನಾಚ್ಕೊಂಡು ಮೊದಲು ಹೋಗ್ತಿರ್ಲಿಲ್ಲ, ಆಮೇಲೆ ದಿನಾ ಹೋದೆ, ಮಧ್ಯಾಹ್ನ ಬಿಸಿ ಊಟ ಮೊಟ್ಟೆ ಎಲ್ಲಾ ಸಿಗ್ತಿತ್ತು.

ವಾಂತಿಗೆ ನಾನು ಮಾಡಿದ್ದು, ರಾತ್ರಿ ಊಟ ಬೇಗ ಮುಗಿಸಿ ಎರಡು ಗಂಟೆ ಬಿಟ್ಟು ಮಲಗೋ ಮುಂಚೆ ನಿಂಬೆ ನೀರಲ್ಲಿ ನುಂಗೋದು, ಹಾಲನ್ನ ಸಾಯಂಕಾಲಕ್ಕೆ ಹಾಕ್ಕೊಂಡೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ ಬೇರೆ ಮಾತ್ರೆ ಬರೆಸ್ಕೊಳಿ, ನೀವೇ ನಿಲ್ಲಿಸ್ಬೇಡಿ. ಮಲ ಕಪ್ಪಗಾಗುತ್ತೆ, ಹೆದರ್ಬೇಡಿ, ಅದು ಮಾತ್ರೇದು. ತಿಂಗಳು ಬಿಟ್ಟು ಮತ್ತೆ ಹೆಚ್‌ಬಿ ಮಾಡಿಸಿ, ಏರಿಲ್ಲ ಅಂದ್ರೆ ಡ್ರಿಪ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ, ಏಳನೇ ತಿಂಗಳ ತನಕ ಕಾಯ್ಬೇಡಿ.