ಸುಣ್ಣಕ್ಕೆ ಇಷ್ಟು ಚಂದದ ಕಡ್ಡಿ ಯಾಕೆ?

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿನ ಮ್ಯೂಸಿಯಂ ಒಂದರಲ್ಲಿ ಕಪ್ಪು ಮರದ ಚಪ್ಪಟೆ ಕಡ್ಡಿ ನೋಡಿದೆ. ಹಿಡಿಯಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯನ ಕೆತ್ತನೆ. ‘ಪಪುವಾ ನ್ಯೂಗಿನಿ, ಅಡಿಕೆ ತಿನ್ನುವಾಗ ಬಳಸುವುದು’ ಎಂದು ಬರೆದಿತ್ತು. ನಮ್ಮದು ಅಡಿಕೆ ತೋಟದ ಮನೆ. ಎಲೆ ಅಡಿಕೆಗೆ ಚಮಚ ಬಳಸಿದ್ದು ಕಂಡೇ ಇಲ್ಲ. ಅದು ಯಾಕೆ ಬೇಕು? ಅಂಥದ್ದು ಬಳಸಿದ್ದೋ, ಮಾರಲು ಮಾಡಿದ್ದೋ ಗೊತ್ತಾಗುವುದು ಹೇಗೆ?
– ಓದುಗರು, ಸಾಗರ

ಉತ್ತರ: ನೀವು ನೋಡಿದ್ದು ಅಡಿಕೆಯ ಚಮಚ ಅಲ್ಲ, ಸುಣ್ಣದ ಕಡ್ಡಿ. ನಮ್ಮಲ್ಲಿ ಅದರ ಕೆಲಸವನ್ನು ಬೆರಳು ಮಾಡುತ್ತದೆ.

ನಾವು ನೀರು ಹಾಕಿದ ಸುಣ್ಣವನ್ನು ಎಲೆಗೆ ಹಚ್ಚುತ್ತೇವೆ, ಅಲ್ವಾ? ಅಲ್ಲಿ ಸುಣ್ಣ ಒಣ ಪುಡಿ. ಹವಳ, ಚಿಪ್ಪು ಸುಟ್ಟು ಮಾಡಿದ್ದು. ಎಲೆಗಿಂತ ಜಾಸ್ತಿ ತಿನ್ನುವುದು ವೀಳ್ಯದ ಬಳ್ಳಿಯ ಕಾಯಿ. ನೋಡಲು ಉದ್ದಕ್ಕೆ, ಹಿಪ್ಪಲಿಯ ಹಾಗೆ. ಅಡಿಕೆಗೆ ಬುವಾಯ್, ಈ ಕಾಯಿಗೆ ದಾಕಾ, ಸುಣ್ಣಕ್ಕೆ ಕಂಬಂಗ್ ಎನ್ನುತ್ತಾರೆ. ಪುಡಿ ಇರುವುದು ಸೋರೆ ಬುರುಡೆಯೊಳಗೆ. ಅದರ ಬಾಯಿ ಸಣ್ಣದು, ಬೆರಳು ಹಾಕಿ ತೆಗೆಯಲು ಆಗುವುದಿಲ್ಲ. ಅದಕ್ಕೇ ಕಡ್ಡಿಯ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಬುರುಡೆಗೆ ಇಳಿಸುತ್ತಾರೆ. ಅಂಟಿದ ಸುಣ್ಣ ನೇರ ಬಾಯಿಗೆ.

ಇನ್ನು ಕೆತ್ತನೆ. ಪಪುವಾ ನ್ಯೂಗಿನಿಯ ಪೂರ್ವ ತುದಿಯ ಮಿಲ್ನೆ ಬೇ ದ್ವೀಪಗಳು ಈ ಕೆಲಸಕ್ಕೆ ಹೆಸರಾದವು. ಕಪ್ಪು ಎಬೊನಿ ಮರದಲ್ಲಿ ಕೊರೆದ ಸುರುಳಿ ಗೆರೆಗಳಿಗೆ ಅದೇ ಸುಣ್ಣ ತುಂಬಿ ಬೆಳ್ಳಗೆ ಎದ್ದು ಕಾಣುವಂತೆ ಮಾಡುತ್ತಾರೆ. ಕೆಲವು ಕಡ್ಡಿಗಳ ಹಿಡಿ ಎರಡಾಗಿ ಸೀಳಿರುತ್ತದೆ. ತಟ್ಟಿದರೆ ಚಟಚಟ ಸದ್ದು. ದೇಶದ ಉತ್ತರದ ಸೆಪಿಕ್ ನದಿಯ ಕಡೆ, ಯಾತ್ಮುಲ್ ಜನರ ಗಂಡಸರು ಸಿಟ್ಟು ಬಂದಾಗ ಹಲ್ಲು ಹಲ್ಲಾಗಿ ಕೊರೆದ ಕಡ್ಡಿಯನ್ನು ಸುಣ್ಣದ ಬುರುಡೆಯ ಬಾಯಿಗೆ ಗರಗರ ಉಜ್ಜುತ್ತಿದ್ದರು. ಮಾತೇ ಬೇಕಿರಲಿಲ್ಲ.

ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಅದೇ ಮಿಲ್ನೆ ಬೇ ಕಡೆಯ ಟ್ರೋಬ್ರಿಯಂಡ್ ದ್ವೀಪಗಳ ಒಂದು ಪದ್ಧತಿ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ಅಲ್ಲಿದ್ದು ದಾಖಲಿಸಿದ್ದಾನೆ. ಅಪ್ಪ ತೀರಿಕೊಂಡರೆ ಮಕ್ಕಳು ಅವನ ಮೂಳೆಯಿಂದ ಸುಣ್ಣದ ಕಡ್ಡಿ ಮಾಡಿಕೊಂಡು ಬಳಸುತ್ತಿದ್ದರು. ನಮಗೆ ಮೈ ಜುಮ್ಮೆನ್ನಬಹುದು. ಅವರಿಗೆ ಅದು ಸಾಕಿ ಬೆಳೆಸಿದವನ ಋಣ, ದಿನಾ ಬಾಯಿಗೆ ತಾಗುವ ನೆನಪು.

ನೀವು ಹೇಳಿದ ಕುಕ್ಕರಗಾಲಿನ ಮನುಷ್ಯ ಎಂದ ಕೂಡಲೇ ಮುತುಆಗಾ ನೆನಪಾಗುತ್ತಾನೆ. ಮಿಲ್ನೆ ಬೇ ಕಡೆಯದೇ ಆದ ಸುಆವು ಪ್ರದೇಶದ ಕೆತ್ತನೆಗಾರ, ಸುಮಾರು 1860ರಿಂದ 1920ರವರೆಗೆ ಬದುಕಿದ್ದವನು. ಅವನ ಕಡ್ಡಿಗಳಲ್ಲಿ ಅಂಥ ಆಕೃತಿಗಳಿವೆ. ಅಲ್ಲಿನ ಕ್ವಾಟೊ ಕ್ರೈಸ್ತ ಮಿಷನ್ನಿನ ಪಾದ್ರಿ ಚಾರ್ಲ್ಸ್ ಏಬಲ್ ಅವನಿಂದ ಕೆತ್ತಿಸಿಕೊಳ್ಳುತ್ತಿದ್ದ. ಆ ಕಾಲದ ಬಹುತೇಕ ಕೆತ್ತನೆಗಾರರ ಹೆಸರೇ ಉಳಿದಿಲ್ಲ. ಹಾಗಾಗಿ ಇವನೊಬ್ಬನ ಹೆಸರು ಸಿಕ್ಕಿರುವುದು ದೊಡ್ಡದು. ಆದರೆ ಬರೀ ಭಂಗಿ ನೋಡಿ ನೀವು ಕಂಡದ್ದು ಅವನದೇ ಎನ್ನಲಾಗದು.

ಕಡ್ಡಿಯ ವಯಸ್ಸು ಹೇಳುವುದು ಕಷ್ಟ, ಬಳಸಿದ್ದೋ ಇಲ್ಲವೋ ಹೇಳಬಹುದು. ಹಿಡಿ ಬಿಟ್ಟು ಅಲಗು ನೋಡಿ. ಬಳಸಿದ್ದಾದರೆ ತುದಿ ಸವೆದು ನುಣುಪಾಗಿರುತ್ತದೆ, ಕೆಂಪು ಕಂದು ಕಲೆ ಇರಬಹುದು. ಬುರುಡೆಯ ಬಾಯಿಗೆ ಇಳಿಯದಷ್ಟು ಅಗಲ ಇದ್ದರೆ ಅದು ದಿನಬಳಕೆಯದಲ್ಲ, ಮಾರಲು ಮಾಡಿದ್ದಿರಬಹುದು. ಹಾಗಂತ ಕೀಳಲ್ಲ. ಮುತುಆಗಾ ಕೂಡ ಬಿಳಿಯರಿಗಾಗಿ ಕೆತ್ತಿದವನೇ.

ಒಂದು ಮಾತು ಬಿಡುವಂತಿಲ್ಲ. ಪಪುವಾ ನ್ಯೂಗಿನಿಯಲ್ಲಿ ಬಾಯಿ ಕ್ಯಾನ್ಸರ್ ತುಂಬ ಜಾಸ್ತಿ. ಹೆಚ್ಚಾಗಿ ಬರುವುದು ಬಾಯಿಯ ಮೂಲೆ, ಕೆನ್ನೆಯ ಒಳಭಾಗಕ್ಕೆ, ಅಂದರೆ ಸುಣ್ಣ ನೇರವಾಗಿ ತಾಗುವ ಜಾಗಕ್ಕೇ. ತಂಬಾಕು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಿಮ್ಮ ಮನೆಯಲ್ಲಿ ಅಡಿಕೆ ಹಾಕುವವರಿದ್ದರೆ, ಬಾಯಲ್ಲಿ ಬಿಳಿ ಮಚ್ಚೆಯೋ ವಾಸಿಯಾಗದ ಹುಣ್ಣೋ ಕಂಡರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.