ಐಐಟಿ ಸಿಗಲಿಲ್ಲ, ಇನ್ನು ಸಿಇಒ ಆಗೋದು ಕನಸೇನಾ?

ನೀವು ಕೇಳಿರೋದು ಇಷ್ಟು: ಮೈಸೂರಿನಲ್ಲಿ ಬಿಇ ಎರಡನೇ ವರ್ಷ, ಐಐಟಿ ಸಿಗಲಿಲ್ಲ, ಮುಂದೆ ಟೆಕ್ ಕಂಪನಿಯ ಸಿಇಒ ಆಗೋ ಆಸೆ, ಎಂಬಿಎ ಓದಿಸೋಕೆ ಅಪ್ಪ ಸಾಲ ಮಾಡ್ತೀನಿ ಅಂತಿದ್ದಾರೆ, ಮಾಡಿಸೋದಾ ಬೇಡವಾ?

ಮೊದಲು ಐಐಟಿ ವಿಷಯ. ನಾರಾಯಣಮೂರ್ತಿಯವರಿಗೆ ಐಐಟಿ ಸೀಟು ಸಿಕ್ಕಿತ್ತು, ಮೇಷ್ಟರಾಗಿದ್ದ ಅವರ ತಂದೆಗೆ ಖರ್ಚು ಹೊರೋಕೆ ಆಗಲಿಲ್ಲ. ಹಾಗಾಗಿ ನಿಮ್ಮ ಮೈಸೂರಿನ ಮಾನಂದವಾಡಿ ರಸ್ತೆಯ ಎನ್‌ಐಇ ಇಂಜಿನಿಯರಿಂಗ್ ಕಾಲೇಜಲ್ಲೇ ಓದಿ 1967ರಲ್ಲಿ ಬಿಇ ಮುಗಿಸಿದರು. ಐಐಟಿ ಕಾನ್ಪುರಕ್ಕೆ ಹೋಗಿದ್ದು ಆಮೇಲೆ. ನಮ್ಮ ಕಡೆ ಯಾವ ಸಮಾರಂಭಕ್ಕೆ ಹೋದರೂ ಈ ಕತೆ ಬಂದೇ ಬರುತ್ತೆ. ಸಾಫ್ಟ್ರಾನಿಕ್ಸ್ ಹೆಸರು ಮಾತ್ರ ಬರಲ್ಲ.

ಅದು ಇನ್ಫೋಸಿಸ್‌ಗಿಂತ ಮುಂಚೆ ಅವರು ಕಟ್ಟಿದ ಕಂಪನಿ. ಆಗ ನಮ್ಮ ದೇಶದಲ್ಲಿ ಸಾಫ್ಟ್‌ವೇರಿಗೆ ಕಾಸು ಕೊಡೋ ಗಿರಾಕಿಗಳೇ ಇರಲಿಲ್ಲ. ಒಂದೂವರೆ ವರ್ಷಕ್ಕೆಲ್ಲ ಮುಚ್ಚಿತು. ಆಮೇಲೆ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಸಂಬಳಕ್ಕೆ ಸೇರಿಕೊಂಡರು, ಜೊತೆಗಾರರು ಸಿಕ್ಕಿದ್ದೂ ಅಲ್ಲೇ. 1981ರಲ್ಲಿ ಏಳು ಜನ ಸೇರಿ, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ ಇಟ್ಟುಕೊಂಡು ಪುಣೆಯಲ್ಲಿ ಇನ್ಫೋಸಿಸ್ ಶುರು ಮಾಡಿದರು. ಈ ಸಲ ಗಿರಾಕಿಗಳನ್ನ ಅಮೆರಿಕದಲ್ಲಿ ಹುಡುಕಿದರು. 2002ರವರೆಗೂ ಅವರೇ ಸಿಇಒ.

ನಾನು ಇದನ್ನೇ ಹಿಡಿದುಕೊಂಡು ಕೂತಿರೋದಕ್ಕೆ ಕಾರಣ, ನಾನೂ ಒಂದು ಕಂಪನಿ ಮುಚ್ಚಿದವನು. ನಮ್ಮದು ಮಂಡ್ಯ. ಗೆಳೆಯನೂ ನಾನೂ ಸೇರಿ ಆಲೆಮನೆಗಳ ಲೆಕ್ಕಕ್ಕೆ ಅಂತ ಒಂದು ಆ್ಯಪ್ ಮಾಡಿದೆವು: ಯಾರ ಕಬ್ಬು ಎಷ್ಟು ಬಂತು, ಬೆಲ್ಲ ಎಷ್ಟು ಇಳೀತು, ಆಳುಗಳಿಗೆ ಎಷ್ಟು ಕೊಡಬೇಕು, ಎಲ್ಲ ಅದರಲ್ಲೇ. ವಿಸಿಟಿಂಗ್ ಕಾರ್ಡಲ್ಲಿ ನಾನೇ ಸಿಇಒ, ನಗಬೇಡಿ. ಒಂದು ಆಲೆಮನೆಗೆ ತೋರಿಸೋಕೆ ಹೋದಾಗ ಕೊಪ್ಪರಿಗೆ ಕುದೀತಿತ್ತು, ಹೊಗೆಗೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ, ಯಜಮಾನರ ಬೆರಳೆಲ್ಲ ಬೆಲ್ಲದ ಅಂಟು. ಎಷ್ಟು ಒತ್ತಿದರೂ ಫೋನು ಕೇಳಲಿಲ್ಲ. ಅವರು ಕೈ ಒರೆಸಿಕೊಂಡು, ಮೊಳೆಗೆ ನೇತು ಹಾಕಿದ್ದ ಉದ್ದನೆ ಪುಸ್ತಕ ತೆಗೆದು ಪೆನ್ಸಿಲಲ್ಲಿ ಎರಡು ಸಾಲು ಗೀಚಿ, "ಆಯ್ತು ಕಣಪ್ಪ, ಇದಕ್ಕೆ ನಿಂಗ್ಯಾಕೆ ದುಡ್ಡು ಕೊಡ್ಲಿ?" ಅಂದರು. ಹದಿನಾಲ್ಕು ತಿಂಗಳಿಗೆ ನಮ್ಮ ಅಂಗಡಿ ಬಂದ್. ಈಗ ಮೈಸೂರಿನಲ್ಲಿ ಕೆಲಸ, ದಿನಾ ರೈಲು.

ಸ್ವಂತ ಕಂಪನಿ ಕಟ್ಟದೆಯೂ ಸಿಇಒ ಆಗಬಹುದು, ಆದರೆ ತಾಳ್ಮೆ ಜಾಸ್ತಿ ಬೇಕು. ಸತ್ಯ ನಾದೆಲ್ಲ ಬಿಇ ಓದಿದ್ದು ಮಣಿಪಾಲದಲ್ಲಿ. ಮೈಕ್ರೋಸಾಫ್ಟ್ ಸೇರಿದ್ದು 1992ರಲ್ಲಿ, ಸಿಇಒ ಆಗಿದ್ದು 2014ರಲ್ಲಿ. ಇಪ್ಪತ್ತೆರಡು ವರ್ಷ! ನಿಮ್ಮ ಸಾಲದ ಪ್ರಶ್ನೆಗೂ ಅವರಲ್ಲೇ ಉತ್ತರ ಇದೆ. ಅವರೂ ಎಂಬಿಎ ಮಾಡಿದ್ದಾರೆ, ಆದರೆ ಕೆಲಸ ಬಿಡದೆ, ಶನಿವಾರ ಭಾನುವಾರ ಷಿಕಾಗೋಗೆ ವಿಮಾನದಲ್ಲಿ ಹೋಗಿ ಬಂದು.

ಆದ್ದರಿಂದ ಅಪ್ಪನಿಗೆ ಈಗಲೇ ಸಾಲ ಬೇಡ ಅನ್ನಿ. ನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಎಂಬಿಎ ಬೇಕು ಅನ್ನಿಸಿದರೆ ಆಗ ನೋಡೋಣ. ಅಲ್ಲಿವರೆಗೆ, ಈ ರಜೆಯಲ್ಲಿ ನಿಮ್ಮ ಬೀದಿಯ ಯಾವುದಾದರೂ ಅಂಗಡಿಗೆ ಉಪಯೋಗಕ್ಕೆ ಬರೋ ಸಣ್ಣದೊಂದನ್ನ ಮಾಡಿಕೊಟ್ಟು ದುಡ್ಡು ಕೇಳಿ. ನೂರು ರೂಪಾಯಿ ಆದರೂ ಪರವಾಗಿಲ್ಲ. ಬಾಯಿ ಬಿಟ್ಟು ಕೇಳೋಕೆ ನನಗೆ ನಾಲ್ಕು ತಿಂಗಳು ಹಿಡಿದಿತ್ತು.